ಶ್ರೀಮಾನ್ ಆಪ್ಟ್ ಅವರಿಗೊಂದು ಬಹಿರಂಗ ಪತ್ರ

ಚೆನ್ನೈ

ಮಾನ್ಯ ಆಪ್ಟ್ ಅವರೇ,

ಡೆಬಿಯನ್ ಲಿನಕ್ಸ್‌ನಲ್ಲಿ ತಂತ್ರಾಂಶದ ಪ್ಯಾಕೇಜುಗಳನ್ನು ಉಗ್ರಾಣದಿಂದ (ರೆಪಾಸಿಟರಿಯಿಂದ) ತಂದು ಹಾಕುವ, ತೆಗೆಯುವ ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ಅಪ್‌ಗ್ರೇಡ್ ಬಾಕಿಯಿಲ್ಲದ ದಿನ ‘ಸೇರಿಸಿದ್ದು ಸೊನ್ನೆ, ತೆಗೆದದ್ದು ಸೊನ್ನೆ’ ಎಂದು ತಾವೇ ಸಾರುತ್ತೀರಿ.

ತಮ್ಮ ಈ ಸೊನ್ನೆಗಳನ್ನು ನಂಬಿದವರು ಚೆನ್ನೈನಲ್ಲಿ ಬಹಳ ಕಾಲದಿಂದ ಇದ್ದಾರೆ. ಇಲ್ಲಿನ ಸಿ-ಡ್ಯಾಕ್ ಕೇಂದ್ರ 2007ರಲ್ಲಿ ಹೊರತಂದ ಬಾಸ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ನಿಂತಿರುವುದು ಡೆಬಿಯನ್ ತಳಪಾಯದ ಮೇಲೆ. ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಹಂಚಿದ ಉಚಿತ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಪಕ್ಕದಲ್ಲೇ ಬಾಸ್‌ಗೂ ಜಾಗ ಸಿಕ್ಕಿತ್ತು. ತಮಿಳು, ಕನ್ನಡ ಎಲ್ಲವನ್ನೂ ಬಲ್ಲ ಈ ವ್ಯವಸ್ಥೆ, ಉಗ್ರಾಣದಿಂದ ಹೊರಬಿದ್ದ ಪ್ಯಾಕೇಜುಗಳ ವಿಷಯ ಬಂದಾಗ ಮಾತ್ರ ತಮ್ಮ ಸಹವಾಸದಿಂದ ಯಾವ ಭಾಷೆಯಲ್ಲೂ ಬಾಯಿ ಬಿಡುವುದಿಲ್ಲ.

ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 2ರ ಕಥೆ ನೋಡಿ. 2020ರ ಜನವರಿ 1ಕ್ಕೆ ಅದರ ಬೆಂಬಲ ಮುಗಿಯಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಅದನ್ನು ಕೈಬಿಟ್ಟಿತು. ಆದರೆ ಹಳೆಯ ಆವೃತ್ತಿಯಿಂದ ಮೇಲೇರಿದ ಯಂತ್ರದಲ್ಲಿ ಅದು, ರೇಷನ್ ಕಾರ್ಡಿನಲ್ಲಿ ಹೆಸರು ಹೊಡೆದುಹಾಕಿದರೂ ಪಂಕ್ತಿಯಲ್ಲಿ ಕೂತ ನೆಂಟನಂತೆ, ಆರಾಮಾಗಿ ಉಳಿದಿರಬಹುದು. ಓಡುತ್ತದೆ, ಭದ್ರತಾ ತೇಪೆ ಬರುವುದಿಲ್ಲ. ಪಿಎಚ್‌ಪಿ-ಮೈಅಡ್ಮಿನ್ ಎಂಬ ತಂತ್ರಾಂಶ ಡೆಬಿಯನ್ 10ರಲ್ಲಿ ಕಾಣೆಯಾಗಿ 11ರಲ್ಲಿ ಮರಳಿತು. ಅದು ಕಾಣೆಯಾದದ್ದರ ಬಗ್ಗೆ ತಮ್ಮಿಂದ ಒಂದು ಮಾತೂ ಇಲ್ಲ.

ತೆಗೆದದ್ದೇ ತಪ್ಪೆಂದು ಯಾರ ತಕರಾರೂ ಇಲ್ಲ. ನೋಡಿಕೊಳ್ಳುವವರಿಲ್ಲದ ತಂತ್ರಾಂಶವನ್ನು ಉಗ್ರಾಣದಲ್ಲಿ ಇಟ್ಟುಕೊಳ್ಳುವುದೇ ಅಪಾಯ. ಯಾವ ದಿನ, ಯಾರ ಕೋರಿಕೆಗೆ, ಯಾವ ಕಾರಣಕ್ಕೆ ತೆಗೆದದ್ದು ಎಂದು ಡೆಬಿಯನ್‌ನವರು ಅಚ್ಚುಕಟ್ಟಾಗಿ ಬರೆದಿಡುತ್ತಾರೆ: ‘ಆರ್‌ಓಎಂ’ ಎಂದಿದ್ದರೆ ಪ್ಯಾಕೇಜಿನ ನಿರ್ವಾಹಕರೇ ಕೇಳಿಕೊಂಡದ್ದು, ‘ಆರ್‌ಓಕ್ಯೂಎ’ ಎಂದಿದ್ದರೆ ಗುಣಮಟ್ಟ ತಂಡ ಕೇಳಿದ್ದು. ಆ ದಾಖಲೆ ಬಳಕೆದಾರನ ಪರದೆಯವರೆಗೆ ಬರದಂತೆ ಕಾಯುವ ಕೆಲಸ ತಮ್ಮದು.

ಗೊತ್ತಿರಲಿಲ್ಲ ಎಂದು ಜಾರಿಕೊಳ್ಳುವಂತಿಲ್ಲ. ‘ಆಪ್ಟ್ ಲಿಸ್ಟ್’ ಎಂದು ಟೈಪಿಸಿ, ಉದ್ಧರಣ ಚಿಹ್ನೆಯೊಳಗೆ ಒಂದು ಟಿಲ್ಡೆ, ಅದಕ್ಕಂಟಿ ಇಂಗ್ಲಿಷಿನ ಸಣ್ಣ ‘ಓ’ ಒತ್ತಿದರೆ ಸಾಕು, ಯಾವ ಉಗ್ರಾಣದಲ್ಲೂ ಇಲ್ಲದವರ ಪಟ್ಟಿಯನ್ನೆಲ್ಲ ಕಕ್ಕುತ್ತೀರಿ. ಅಲ್ಲೂ ಉಗ್ರಾಣದಿಂದ ಹೊರಬಿದ್ದದ್ದಕ್ಕೂ ಬಳಕೆದಾರ ಬೇರೆಡೆಯಿಂದ ತಂದು ಹಾಕಿಕೊಂಡ ಡೆಬ್ ಫೈಲಿಗೂ ‘ಲೋಕಲ್’ ಎಂಬ ಒಂದೇ ಹಣೆಪಟ್ಟಿ! ಯಾರಿಗೂ ಬೇಡವಾದ ಲೈಬ್ರರಿಗಳನ್ನು ಹುಡುಕಿಕೊಡುತ್ತಿದ್ದ ಡೆಬ್‌ಆರ್ಫನ್ ಎಂಬ ಪುಣ್ಯಾತ್ಮನನ್ನು ಕೇಳೋಣವೆಂದರೆ, 2025ರ ಡೆಬಿಯನ್ 13ರಲ್ಲಿ ಅವನೇ ನಾಪತ್ತೆ.

ತಮಗೆ ಪುರುಸೊತ್ತಿಲ್ಲ ಎನ್ನುವಂತೆಯೂ ಇಲ್ಲ. ‘ಆಪ್ಟ್ ಮೂ’ ಎಂದರೆ ಸಾಲುಗಟ್ಟಲೆ ಗೆರೆ ಎಳೆದು ಹಸು ಬಿಡಿಸಿ, ಇವತ್ತು ಅಂಬಾ ಎಂದಿರಾ ಎಂದು ವಿಚಾರಿಸುತ್ತೀರಿ. ಅಪ್‌ಗ್ರೇಡ್ ಮುಗಿದ ಮೇಲೆ ಇನ್ನೊಂದು ಸಾಲು ಬರೆಯಿರಿ: ‘ಇಂತಿಂಥ ಪ್ಯಾಕೇಜುಗಳಿಗೆ ಇನ್ನು ತೇಪೆ ಸಿಗುವುದಿಲ್ಲ.’ ಜಾಗ ಸಾಲದಿದ್ದರೆ ಹಸುವಿನ ಬಾಲ ಮೊಟಕುಗೊಳಿಸಬಹುದು.

ಇಂತಿ,
ಸೂಡೋ ಬಿಟ್ಟರೆ ಬೇರೆ ಅಧಿಕಾರವಿಲ್ಲದ ಬಳಕೆದಾರ