ಮೂತಿ ಎರಡು, ಗಂಟಲು ಒಂದು

ನನ್ನ ಭಾವಮೈದನನ್ನು ಕಛೇರಿಗೆ ಕರೆದೊಯ್ದರೆ ಎರಡನೇ ಕೃತಿಗೇ ಆಕಳಿಸುತ್ತಾನೆ. ಆದರೆ ಊಟ ಮಾಡುವಾಗ ಬೀದಿಯಲ್ಲೊಂದು ಕಾರು ಹೋದರೆ ತುತ್ತು ಕೈಯಲ್ಲೇ ಉಳಿಯುತ್ತದೆ. ‘ಭಾವ, ಮಸ್ಟಾಂಗ್! ವಿ8! ಆ ಗುಡುಗುಡು ಕೇಳಿದ್ರಾ?’ ನೋಡಿದರೆ ನೀರಿನ ಟ್ಯಾಂಕರು.

ಅವನದು 1.2 ಲೀಟರಿನ ಪೋಲೊ ಜಿಟಿ ಟಿಎಸ್‌ಐ. ಇಂಜಿನ್ನಿನಲ್ಲಿ 105 ಕುದುರೆ. ಅಷ್ಟೂ ದಿನಾ ಬೆಳಿಗ್ಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಲ್ಲೇ ಪೆಟ್ರೋಲು ಮೇಯುತ್ತವೆ. ಇದಕ್ಕೆ ಜೋಡಿ ಸೈಲೆನ್ಸರ್ ಹಾಕಿಸಬೇಕೆಂದು ಮೂರು ತಿಂಗಳು ತಪಸ್ಸು ಮಾಡಿದ. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಮುಗಿಯುವುದರೊಳಗೆ ‘ಆಗಬಹುದು’ ಎಂದವನು, ಪೈಪು ನೋಡಲು ಜೆ.ಸಿ. ರಸ್ತೆಗೆ ಹನ್ನೊಂದು ಸಲ ಹೋದ. ಎರಡು ಇಂಚೋ, ಎರಡೂಕಾಲೋ? ಸ್ಟೀಲು 409 ಸಾಕೋ, 304 ಬೇಕೋ? ‘304 ಅಷ್ಟು ಬೇಗ ತುಕ್ಕು ಹಿಡಿಯಲ್ಲ ಭಾವ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ.’ ಕಾರೂ ಬರಬೇಕಲ್ಲಪ್ಪ ಎಂದೆ. ಎರಡು ದಿನ ಮಾತು ಬಿಟ್ಟ.

ಹನ್ನೊಂದನೇ ಸಲ ನನ್ನನ್ನೂ ಎಳೆದೊಯ್ದ. ವೆಲ್ಡಿಂಗ್ ಮೇಸ್ತ್ರಿ ಕಾರಿನಡಿ ತೂರಿ, ಎದ್ದು ಬಂದು ಕೈ ಒರೆಸಿಕೊಂಡರು. ‘ಸ್ವಾಮಿ, ಅದು ವಿ8ಗೆ ಸರಿ. ಅಲ್ಲಿ ನಾಲ್ಕು ನಾಲ್ಕು ಸಿಲಿಂಡರಿನ ಎರಡು ಸಾಲು, ಸಾಲಿಗೊಂದು ಪೈಪು. ನಡುವೆ ಎಚ್ ಥರಾನೋ ಎಕ್ಸ್ ಥರಾನೋ ಜೋಡಿಸಿದ್ರೆ ಎರಡೂ ಕಡೆ ಒತ್ತಡ ಸಮ ಆಗುತ್ತೆ. ನಿಮ್ಮದರಲ್ಲಿ ಇರೋದೇ ನಾಲ್ಕು, ಅದೂ ಒಂದೇ ಸಾಲು. ಹೊಗೆಯೆಲ್ಲ ಒಂದೇ ಟರ್ಬೊ ದಾಟಿ ಬರಬೇಕು. ಹಿಂದೆ ಎರಡು ಮೂತಿ ಮಾಡಿದ್ರೂ ಗಂಟಲು ಒಂದೇ.’

ಇಷ್ಟು ಸ್ಪಷ್ಟವಾಗಿ ನನಗೆ ಕಾಲೇಜಿನಲ್ಲಿ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಭಾವಮೈದನೂ ಭಕ್ತಿಯಿಂದ ತಲೆದೂಗಿ, ‘ಹಾಗಾದ್ರೆ ಎರಡು ಮೂತೀನೇ ಮಾಡಿಬಿಡಿ’ ಎಂದ.

ಬಂಪರ್ ಕೊಯ್ಯಿಸಿ, ಅರವತ್ತು ಸಾವಿರ ತೆತ್ತು, ಕಾರು ಮನೆಗೆ ಬಂತು. ಕುದುರೆ ಒಂದೂ ಹೆಚ್ಚಿದಂತೆ ಕಾಣಲಿಲ್ಲ. ಸದ್ದು ಮಾತ್ರ, ಒಣಮೆಣಸಿನಕಾಯಿ ಹಾಕಿದ ಹಿಟ್ಟಿನ ಗಿರಣಿ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋದರೆ ತಲೆಯೊಳಗೇ ಗುಂಯ್ ಎನ್ನುತ್ತದೆ. ಅದಕ್ಕೆ ‘ಡ್ರೋನ್’ ಎನ್ನುತ್ತಾರಂತೆ. ನನ್ನ ಅಕ್ಕಪಕ್ಕದವರು ಬೇರೆ ಏನೋ ಎನ್ನುತ್ತಾರೆ. ಕರ್ಕಶ ಸೈಲೆನ್ಸರಿಗೆ ಹತ್ತು ಸಾವಿರದವರೆಗೂ ದಂಡ ಬೀಳಬಹುದೆಂದು ಗೊತ್ತಾದ ಮೇಲಂತೂ ಖಾಕಿ ಬಟ್ಟೆ ಕಂಡರೆ ಕಾರು ತುದಿಗಾಲಲ್ಲಿ ನಡೆಯುತ್ತದೆ. ಒಮ್ಮೆ ಅಂಚೆಯಣ್ಣನನ್ನು ಕಂಡೂ ನಡೆಯಿತು.

ಎದುರುಮನೆಯಲ್ಲಿ ಈಗ ಬಾಣಂತಿ ಇದ್ದಾಳೆ. ರಾತ್ರಿ ಒಂಬತ್ತಾದರೆ ನಮ್ಮ ರಸಿಕ ಬೀದಿಯ ತಿರುವಿನಲ್ಲೇ ಇಂಜಿನ್ ಆರಿಸಿ ನನಗೆ ಫೋನ್ ಮಾಡುತ್ತಾನೆ. ಪಂಚೆ ಎತ್ತಿಕಟ್ಟಿಕೊಂಡು ಹೋಗಿ ತಳ್ಳುತ್ತೇನೆ. ಅವನು ಸ್ಟೀರಿಂಗ್ ಹಿಡಿದು, ಕಿಟಕಿಯಿಂದ ಕತ್ತು ಹೊರಚಾಚಿ ಪಿಸುಗುಡುತ್ತಾನೆ:

‘ಎಡಗಡೆ ಮೂತಿ ಮುಟ್ಟಬೇಡಿ ಭಾವ, ಬೆಳಿಗ್ಗೆ ಪಾಲಿಷ್ ಹಾಕಿದ್ದೀನಿ.’