ಸಂಶಯದ ಮಾವ

ಗೂಡಲೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಕೋರ್ಟು ಕೂರುತ್ತದೆ. ನ್ಯಾಯಾಧೀಶರು ಒಬ್ಬರೇ. ಊಟಿಯ ಇಂದುನಗರದಲ್ಲಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಮಾಜಿ ನೌಕರರು. ಫಿಲ್ಮಿಗೆ ಬೆಳಕು ತಾಗಬಾರದೆಂದು ಅರ್ಧ ಆಯುಷ್ಯ ಕತ್ತಲಲ್ಲಿ ದುಡಿದದ್ದಕ್ಕೋ ಏನೋ, ಹೊಳೆಯುವ ಯಾವುದನ್ನೂ ನಂಬುವವರಲ್ಲ. ಹುಡುಗರು ಇಟ್ಟ ಹೆಸರು ಸಂಶಯದ ಮಾವ. ಮಸಿನಗುಡಿಯಲ್ಲೂ ಇಂಥವರೊಬ್ಬರು ಇದ್ದಾರಂತೆ, ಗುಂಡ್ಲುಪೇಟೆಯಲ್ಲೂ. ಊರಿಗೊಬ್ಬರು ಬೇಕೇ ಬೇಕು. ಇಬ್ಬರಿದ್ದರೆ ಯಾರಿಗೂ ಕೆಲಸ ಸಿಗುವುದಿಲ್ಲ.

ಕಕ್ಷಿದಾರರು ಟೀ ಎಲೆಯ ರೇಟು ನೆಚ್ಚಿಕೊಂಡು ಕೂರಲಾಗದ ಮನೆಗಳ ಮಕ್ಕಳು. ಮೈಸೂರು, ಕೊಯಮತ್ತೂರು, ತಿರುಪ್ಪೂರು ಎಲ್ಲ ಮುಗಿದು ಈಗ ಟೆಲಿಗ್ರಾಂನಲ್ಲಿ ಕೆಲಸ ಹುಡುಕುತ್ತಿದ್ದಾರೆ. ಮಾವ ಕನ್ನಡಕವನ್ನು ಹಣೆಗೇರಿಸಿ, ಎರಡು ಬೆರಳಲ್ಲಿ ಆಫರ್ ಲೆಟರ್ ಹಿಗ್ಗಿಸುತ್ತಾರೆ.

"ಲೋಗೋ ಒಡೀತಿದೆ. ಕಂಪನಿ ಅಷ್ಟು ದೊಡ್ಡದು, ಮೇಲ್ ಬಂದಿರೋದು ಜಿಮೇಲಿಂದ. ಇಂಟರ್‌ವ್ಯೂ ಎಲ್ಲಾಯ್ತು?"

"ವಾಟ್ಸಾಪಲ್ಲಿ."

"ಏನ್ ಕೇಳಿದ್ರು?"

"ಆಧಾರ್ ನಂಬರು."

"ಸರಿಯಾಗಿ ಹೇಳ್ದೆ ಅಂತ ಕೆಲಸ ಕೊಟ್ಟುಬಿಟ್ರಾ?"

ಕೆಳಗೆ ಲ್ಯಾಪ್‌ಟಾಪ್ ಡೆಪಾಸಿಟ್ಟಿನ ಸಾಲು ಕಂಡಿತೋ, ಮಾವನಿಗೆ ಎರಡನೇ ಟೀ ಬೇಕು. "ಸಂಬಳ ಕೊಡೋನೇ ನಿನ್ನ ಹತ್ರ ಸಾಲ ಕೇಳ್ತಿದಾನಲ್ಲೋ!"

ವಿಡಿಯೋಗೆ ಲೈಕ್ ಒತ್ತುವ ಕೆಲಸವೆಂದರೆ ಅವರಿಗೆ ವಿಶೇಷ ಆಸಕ್ತಿ. "ಮಾವ, ನೂರೈವತ್ತು ರೂಪಾಯಿ ನಿಜವಾಗಿ ಬಂತು" ಎಂದರೆ, "ಅದು ಬಂದದ್ದೇ ಕೆಟ್ಟದ್ದು" ಎನ್ನುತ್ತಾರೆ. ನಾಳೆ ಸಾವಿರ ಹಾಕಿದರೆ ಸಾವಿರದ ಮುನ್ನೂರು. ಆಮೇಲೆ ಹಾಕಿದ್ದೆಲ್ಲ ಪರದೆಯ ಮೇಲೆ ಲಕ್ಷವಾಗಿ ಕಾಣುತ್ತದೆ, ಕೈಗೆ ಬರುವುದಿಲ್ಲ. ಬಿಡಿಸಿಕೊಳ್ಳಲು ಟ್ಯಾಕ್ಸ್ ಕಟ್ಟು ಎನ್ನುತ್ತಾರೆ ವಂಚಕರು. ಕಟ್ಟಿ ಬಂದವನಿಗೆ ಮಾವ ಬೈಯುವುದಿಲ್ಲ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸುತ್ತಾರೆ. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯಬೇಕಲ್ಲ. ಬೈಗುಳ ಆಮೇಲೆ, ಬಡ್ಡಿಸಮೇತ.

ಬ್ಯಾಂಕಾಕ್ ಅಂದರೆ ಮಾತ್ರ ಎದ್ದು ನಿಲ್ಲುತ್ತಾರೆ. ಥಾಯ್ಲೆಂಡಿನಲ್ಲಿ ಐಟಿ ಕೆಲಸವೆಂದು ಕರೆದು ಮ್ಯಾನ್ಮಾರಿಗೆ ಸಾಗಿಸುತ್ತಾರೆ ಎಂದು ವಿದೇಶಾಂಗ ಇಲಾಖೆ 2022ರಲ್ಲೇ ಎಚ್ಚರಿಸಿತ್ತು. ಅಲ್ಲಿ ಕೊಡುವ ಕೆಲಸ ಇಂಥದ್ದೇ ವಂಚನೆಯ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸುವುದು. "ಏಜೆಂಟನ ಸರ್ಕಾರಿ ಇ-ಮೈಗ್ರೇಟ್ ನೋಂದಣಿ ನಂಬರ್ ತಾ. ಮೂವತ್ತು ಸಾವಿರ, ಅದರ ಮೇಲೆ ಜಿಎಸ್‌ಟಿ, ಅಷ್ಟೇ ಅವನು ತಗೊಳ್ಳಬಹುದಾದ ಸರ್ವಿಸ್ ಚಾರ್ಜು." ನಗು ಇಲ್ಲ, ಟೀಯೂ ಇಲ್ಲ.

ಕಷ್ಟವಾಗುವುದು ಅಸಲಿ ಕೆಲಸ ಬಂದಾಗ. ಹೋದ ವರ್ಷ ಒಬ್ಬ ಹುಡುಗಿ ಮೈಸೂರಿನ ಕಂಪನಿಯ ಪತ್ರ ತಂದಳು. ಮೇಲ್ ಸರಿ, ವಿಳಾಸ ಸರಿ, ಲೋಗೋ ಎಷ್ಟು ಹಿಗ್ಗಿಸಿದರೂ ಒಡೆಯಲಿಲ್ಲ. ಮಾವನ ಮುಖ ಬಾಡಿತು.

"ದುಡ್ಡೇ ಕೇಳಿಲ್ವಾ?"

"ಇಲ್ಲ ಮಾವ."

"ಹಂಗಾದ್ರೆ ಇದು ಭಾರೀ ಗ್ಯಾಂಗು."

ಹುಡುಗಿ ಹೋಗಿ ಸೇರಿದಳು. ಮೊದಲ ಸಂಬಳದಲ್ಲಿ ಮಾವನಿಗೆಂದೇ ಅರ್ಧ ಕಿಲೋ ಮೈಸೂರುಪಾಕು ಕಳಿಸಿದಳು. ಮಾವ ಡಬ್ಬ ಬಿಚ್ಚಿ, ಒಂದು ತುಂಡು ಬಾಯಿಗೆ ಹಾಕಿಕೊಂಡು, ತುಪ್ಪದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಹೇಳಿದರು: "ಮೊದಲನೇ ಕಂತು ಯಾವತ್ತೂ ಸರಿಯಾಗೇ ಬರುತ್ತೆ."