ನೀಲಿ ಪೆಟ್ಟಿಗೆಯ ಬಾಕಿ ಲೆಕ್ಕ

ಡಿಸ್ನಿಯವರು ಕೈ ಎತ್ತಿದರು. 2022ರ ಅಕ್ಟೋಬರಿನಲ್ಲಿ ವಾಲಗ ಊದಿಸಿ ಶುರುವಾದ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಸಂಬಂಧ 2025ರ ಅಕ್ಟೋಬರಿನಲ್ಲಿ ಒಂದು ಪ್ರಕಟಣೆಗೆ ಮುಗಿದುಹೋಯಿತು. ಅದಕ್ಕೂ ಮೊದಲೇ ಡಾಕ್ಟರ್ ಪಾತ್ರದ ಶೂಟಿ ಗಾಟ್ವಾ ಹೊರಟಾಗಿತ್ತು. ಹೋಗುವಾಗ ಅವನ ಮುಖ ಕರಗಿ ಬಿಲಿ ಪೈಪರ್ ಮುಖವಾಯಿತು. ಆಕೆ ಡಾಕ್ಟರೋ, ಹಿಂದೆ ತಾನೇ ಮಾಡಿದ್ದ ಹಳೇ ರೋಸ್ ಪಾತ್ರವೋ, ಇನ್ನಾರೋ ಅಂತ ಹೇಳುವ ಸೌಜನ್ಯವನ್ನು ಯಾರೂ ತೋರಿಸಲಿಲ್ಲ. 2026ರ ಕ್ರಿಸ್‌ಮಸ್ಸಿಗೆ ಒಂದು ವಿಶೇಷ ಕಂತು ಅಂತ ಘೋಷಿಸಿದರು. ಆಮೇಲೇನು ಅಂತ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ.

ಅಂಗಡಿಗೆ ಮಾತ್ರ ಒಂದು ದಿನವೂ ರಜೆಯಿಲ್ಲ. ಡಾಕ್ಟರ್ ಕಾಲದಲ್ಲಿ ಓಡಾಡುವ ನೀಲಿ ಪೆಟ್ಟಿಗೆಯಾದ ಟಾರ್ಡಿಸ್ ಆಕಾರದ ಟೀಪಾಟು, ಟಾರ್ಡಿಸ್ ಅಚ್ಚಿನ ಕಾಲುಚೀಲ, ಮುಚ್ಚಳ ತೆಗೆದರೆ ಗೊರಗೊರ ಅನ್ನುವ ಟಾರ್ಡಿಸ್ ಬಿಸ್ಕತ್ತು ಡಬ್ಬಿ. ನಿರ್ಮಾಪಕರು ಬಾಯಿ ಬಿಡುತ್ತಿಲ್ಲ, ನಟರನ್ನು ಕರಾರು ಕಟ್ಟಿಹಾಕಿದೆ. ಪೆಟ್ಟಿಗೆಯ ಜೊತೆ ಯಾರೂ ಕರಾರು ಮಾಡಿಕೊಂಡಂತಿಲ್ಲ. ಅದನ್ನೇ ಮಾತಿಗೆಳೆದೆ.

ನಮಸ್ಕಾರ. ಒಳಗೆ ಬರಬಹುದೇ?

ಬೇಡ. ಒಳಗೆ ಕಾಲಿಟ್ಟವರೆಲ್ಲ ಕಣ್ಣರಳಿಸಿ ಹೇಳುವುದು ಒಂದೇ ಮಾತು, ಹೊರಗಿಗಿಂತ ಒಳಗೇ ದೊಡ್ಡದಲ್ಲ ಅಂತ. ಅರವತ್ತು ವರ್ಷದಿಂದ ಕೇಳಿ ಕಿವಿ ತೂತಾಗಿದೆ. ಹೊರಗೇ ನಿಂತು ಕೇಳಿ.

ಡಿಸ್ನಿ ದುಡ್ಡು ನಿಂತುಹೋಗಿದೆ. ಮುಂದಿನ ಖರ್ಚು ಹೇಗೆ?

ದುಡ್ಡಿನ ವಿಷಯ ನೀವೇ ಎತ್ತಿದ್ದು ಒಳ್ಳೆಯದಾಯಿತು. ಮೊದಲು ಲಂಡನ್ ಪೊಲೀಸರ ಲೆಕ್ಕ ಬಗೆಹರಿಯಲಿ. ನನ್ನ ಆಕಾರವನ್ನು ಗಿಲ್ಬರ್ಟ್ ಮೆಕೆಂಜಿ ಟ್ರೆಂಚ್ ಎಂಬಾತ 1929ರಲ್ಲಿ ಪೊಲೀಸರಿಗಾಗಿ ಬರೆದುಕೊಟ್ಟ. ಒಪ್ಪಿದೆ. ಹೊರಗಿನವರಿಗೆ ಒಂದು ಫೋನು, ಒಳಗಿನ ಪೇದೆಗೆ ಚಹಾ ಕುಡಿಯಲು ಒಂದಿಷ್ಟು ಜಾಗ. ಆಮೇಲೆ ಅವರ ಕೈಗೇ ವೈರ್‌ಲೆಸ್ ಬಂತು. ನನ್ನ ಅಣ್ಣತಮ್ಮಂದಿರನ್ನೆಲ್ಲ ಬೀದಿಬೀದಿಯಿಂದ ಕಿತ್ತು ಒಡೆದುಹಾಕಿದರು. ಆಗ ಒಬ್ಬ ಇನ್‌ಸ್ಪೆಕ್ಟರ್ ಆದರೂ ಕಣ್ಣೊರೆಸಿಕೊಂಡನೇ? 1996ರಲ್ಲಿ ಬಿಬಿಸಿ ನನ್ನ ಚಿತ್ರವನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೋದಾಗ ನೋಡಿ, ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ ಬಂತು! ಅದು ನಮ್ಮ ಪೆಟ್ಟಿಗೆ, ನಮ್ಮ ಪೆಟ್ಟಿಗೆ ಅಂತ ತಕರಾರು. 2002ರವರೆಗೆ ಎಳೆದಾಡಿದರು. ಕೊನೆಗೆ ಪೇಟೆಂಟ್ ಕಚೇರಿ ಬಿಬಿಸಿ ಕಡೆ ತೀರ್ಪು ಕೊಟ್ಟು, ಪೊಲೀಸರೇ 850 ಪೌಂಡ್ ಕಟ್ಟಬೇಕು, ಖರ್ಚು ಬೇರೆ ಅಂದಿತು. ಅದರಲ್ಲಿ ನನಗೆ ಒಂದು ಪೆನ್ನಿ ಬಂದಿಲ್ಲ.

ಇರಲಿ. 1973ರಲ್ಲಿ ಟಾರ್ಗೆಟ್ ಪೇಪರ್‌ಬ್ಯಾಕುಗಳು ಶುರುವಾದವಲ್ಲ…

ನಾನು ಪೊಲೀಸರ ವಿಷಯ ಹೇಳುತ್ತಿದ್ದೇನೆ.

ಹೇಳಿ ಆಯಿತಲ್ಲ. ಟೆರೆನ್ಸ್ ಡಿಕ್ಸ್ ಒಬ್ಬನೇ ಅರವತ್ತಕ್ಕೂ ಹೆಚ್ಚು ಕಂತುಕಥೆಗಳನ್ನು ಪುಸ್ತಕ ಮಾಡಿದ. ನೂರಿಪ್ಪತ್ತು ಚಿಲ್ಲರೆ ಪುಟ, ಕ್ರಿಸ್ ಅಕಿಲಿಯೋಸ್ ಬರೆದ ಮುಖಪುಟ, ಒಂದೇ ಸಂಜೆಗೆ ಓದಿ ಮುಗಿಸಬಹುದಾದ ಗದ್ಯ. ಟಿವಿಯಲ್ಲಿ ಹಲಗೆ ಗೋಡೆ ಅಲ್ಲಾಡುತ್ತಿದ್ದರೆ ಪುಸ್ತಕದಲ್ಲಿ ಅದು ಕಲ್ಲಿನ ಕೋಟೆ. ವಿಡಿಯೊ ಕ್ಯಾಸೆಟ್ ಇಲ್ಲದ ಕಾಲದಲ್ಲಿ ಹಳೆಯ ಕಥೆ ಬೇಕಾದರೆ ಇದ್ದದ್ದು ಈ ಪುಸ್ತಕವೊಂದೇ. ನೀವು ಇಳಿಯುವ ಸದ್ದನ್ನು ಆತ ಪುಸ್ತಕದಿಂದ ಪುಸ್ತಕಕ್ಕೆ ಅದೇ ಎರಡು ಪದಗಳಲ್ಲಿ ಬರೆದ. ಓದುಗನಿಗೆ ಆ ಪದ ಕಂಡರೆ ಸಾಕು, ಮೈ ಜುಮ್ಮೆನ್ನುತ್ತಿತ್ತು…

ಇದು ಪ್ರಶ್ನೆಯೋ, ಅಭಿನಂದನಾ ಭಾಷಣವೋ?

ಪ್ರಶ್ನೆ ಬರುತ್ತಿದೆ. ಆ ಸದ್ದು ನಿಮ್ಮದೇ ಅಲ್ಲವೇ?

ನನ್ನದು ಅಂತ ಹೇಗೆ ಹೇಳಲಿ? ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪಿನಲ್ಲಿ ಬ್ರಯಾನ್ ಹಾಡ್ಜ್‌ಸನ್ ಅಂತ ಒಬ್ಬನಿದ್ದ. ತನ್ನ ತಾಯಿಯ ಮನೆಯ ಕೀಲಿಕೈ ತಂದು, ಒಂದು ಹಳೇ ಪಿಯಾನೋದ ಹೊಟ್ಟೆ ಬಿಚ್ಚಿ, ಮಂದ್ರದ ತಂತಿಯ ಮೇಲೆ ಕರ್ರನೆ ಎಳೆದ. ಆ ಕೆರೆತವನ್ನು ಟೇಪಿನಲ್ಲಿ ಹಿಂದುಮುಂದು ಮಾಡಿ, ಪ್ರತಿಧ್ವನಿ ಸೇರಿಸಿ, ನನ್ನ ಗಂಟಲಿಗೆ ತುರುಕಿದರು. ಅರ್ಥವಾಯಿತೇ? ನನ್ನ ರೂಪ ಪೊಲೀಸರದು, ದನಿ ಯಾರದೋ ಮನೆಯ ಬೀಗದ ಕೈಯದು. 2011ರಲ್ಲಿ ಒಂದು ಕಂತಿಗೆ ಸುರಾನ್ ಜೋನ್ಸ್ ಮೈಯಲ್ಲಿ ನನ್ನನ್ನಿಟ್ಟು ಬಾಯಿ ಕೊಟ್ಟರು. ಕಂತು ಮುಗಿಯುವುದರೊಳಗೆ ಅದನ್ನೂ ಕಿತ್ತುಕೊಂಡರು. ಪೊಲೀಸರು…

ಡಾಕ್ಟರನ ಹಳೇ ವೈರಿಗಳಾದ ಡಾಲೆಕ್‌ಗಳ ಬಗ್ಗೆ ಏನಾದರೂ?

ಆ ಮೆಣಸಿನ ಡಬ್ಬಿಗಳೇ? ಅವುಗಳ ಹೆಸರಿನಲ್ಲಿ 1965ರಲ್ಲಿ ಒಂದು, 1966ರಲ್ಲಿ ಇನ್ನೊಂದು ಸಿನಿಮಾ ಬಂತು. ಎರಡರ ಶೀರ್ಷಿಕೆಯಲ್ಲೂ ಅವೇ. ಹಾಗಂತ ಅವನ್ನು ವಿನ್ಯಾಸ ಮಾಡಿದ ರೇಮಂಡ್ ಕ್ಯೂಸಿಕ್‌ಗೆ ಏನು ಸಿಕ್ಕಿತು? ಕಥೆ ಬರೆದ ಟೆರಿ ನೇಷನ್ ಹಕ್ಕು ಇಟ್ಟುಕೊಂಡಿದ್ದ, ಶ್ರೀಮಂತನಾದ. ಕ್ಯೂಸಿಕ್ ಬಿಬಿಸಿಯ ಸಂಬಳದ ನೌಕರ. ಲಕ್ಷಗಟ್ಟಲೆ ಆಟಿಕೆ ಮಾರಾಟವಾದರೂ ಅವನಿಗೆ ರಾಯಲ್ಟಿ ಇಲ್ಲ. ನನಗೆ ಪಾಪ ಅನ್ನಿಸುತ್ತದೆ. ಆದರೆ ಅವನದು ಹಾಗಿರಲಿ, ನನ್ನ 850 ಪೌಂಡಿನ ಗತಿ?

ನಿಮ್ಮ ಹುಟ್ಟಿನ ಬಗ್ಗೆ ಹೇಳಿ. ಅಲ್ಲಿ ನಮ್ಮ ದೇಶದವರೊಬ್ಬರು ಇದ್ದರಲ್ಲ.

ವಾರಿಸ್ ಹುಸೇನ್. ಲಖನೌದಲ್ಲಿ ಹುಟ್ಟಿದ ಹುಡುಗ. 1963ರ ನವೆಂಬರ್ 23ರ ಸಂಜೆ ನಾನು ಟಾಟರ್ಸ್ ಲೇನಿನ ಗುಜರಿ ಅಂಗಳದಲ್ಲಿ ನಿಂತಿದ್ದೆನಲ್ಲ, ಆ ಮೊದಲ ಕಂತಿನ ನಿರ್ದೇಶಕ ಅವನೇ. ವಯಸ್ಸು 24. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಸೂಟು ತೊಟ್ಟ ಗಂಡಸರ ಕಟ್ಟಡದಲ್ಲಿ ಒಬ್ಬ ಹೆಣ್ಣುಮಗಳು, ಒಬ್ಬ ಹಿಂದೂಸ್ತಾನಿ ಹುಡುಗ. ಇವರಿಗೆ ಒಂದು ಇಕ್ಕಟ್ಟಾದ ಹಳೇ ಸ್ಟುಡಿಯೊ ಕೊಟ್ಟು, ಏನಾದರೂ ಮಾಡಿಕೊಳ್ಳಿ ಅಂದರು. ಹಿಂದಿನ ದಿನ ಅಮೆರಿಕದಲ್ಲಿ ಕೆನಡಿಯನ್ನು ಕೊಂದಿದ್ದರು, ನಮ್ಮನ್ನು ನೋಡುವವರಾರು? ಮುಂದಿನ ಶನಿವಾರ ಅದೇ ಕಂತನ್ನು ಇನ್ನೊಂದು ಸಲ ಹಾಕಿ, ಅದರ ಬೆನ್ನಿಗೇ ಎರಡನೆಯದನ್ನು ತೋರಿಸಬೇಕಾಯಿತು.

ಐವತ್ತನೇ ವರ್ಷಕ್ಕೆ ಮಾಡಿದ ಚಿತ್ರದಲ್ಲಿ ವಾರಿಸ್ ಪಾತ್ರ ಮಾಡಿದ ಸಾಶಾ ಧವನ್ ಆಮೇಲೆ ಡಾಕ್ಟರನ ವೈರಿ ‘ಮಾಸ್ಟರ್’ ಆಗಿ ಬಂದು ನಿಮ್ಮನ್ನೇ ಕಾಡಿದ. ಅರವತ್ತನೇ ವರ್ಷಕ್ಕೆ…

ಅರವತ್ತರ ಸುದ್ದಿ ಎತ್ತಬೇಡಿ. 2023ರಲ್ಲಿ ಬಿಬಿಸಿ ತನ್ನ ಐಪ್ಲೇಯರಿನಲ್ಲಿ ಎಂಟುನೂರಕ್ಕೂ ಹೆಚ್ಚು ಕಂತುಗಳನ್ನು ಒಟ್ಟಿಗೆ ಇಟ್ಟು ಹಬ್ಬ ಮಾಡಿತು. ಉಳಿದಿರುವ ಕಥೆಗಳೆಲ್ಲ ಬಂದವು, ಒಂದು ಬರಲಿಲ್ಲ. ಯಾವುದು ಹೇಳಿ? ಮೊಟ್ಟಮೊದಲ ಕಥೆ! ಬರೆದ ಆಂಥೊನಿ ಕೋಬರ್ನ್ ತೀರಿಹೋಗಿ ದಶಕಗಳಾಗಿವೆ, ಹಕ್ಕು ಮಗನ ಕೈಯಲ್ಲಿತ್ತು, ಅವರಿಗೂ ಬಿಬಿಸಿಗೂ ಸರಿಬರಲಿಲ್ಲ. ಯಾರದು ತಪ್ಪೋ ನಾನು ಹೇಳುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು, ಅಷ್ಟೆ. ನನ್ನ ಹುಟ್ಟುಹಬ್ಬದ ಊಟಕ್ಕೆ ನನಗೇ ಎಲೆ ಹಾಕಲಿಲ್ಲ.

ವಾರಿಸ್ ಮಾಡಿದ ‘ಮಾರ್ಕೊ ಪೋಲೊ’ ನಿಮಗೆ ನೆನಪಿದೆಯೇ?

(ಪೆಟ್ಟಿಗೆ ಸುಮ್ಮನಾಯಿತು. ಮೇಲಿನ ದೀಪ ಒಮ್ಮೆ ಹತ್ತಿ ಆರಿತು.)

ಏಳು ಕಂತು. 1964ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಪಾಮಿರ್ ಬೆಟ್ಟದ ಹಿಮದಿಂದ ಕುಬ್ಲಾ ಖಾನನ ಅರಮನೆಯವರೆಗೆ ನನ್ನನ್ನು ಗಾಡಿಯ ಮೇಲೆ ಹೇರಿಕೊಂಡು ಹೋದರು. ಎಷ್ಟು ಚೆಂದದ ಉಡುಪು, ಎಷ್ಟು ಚೆಂದದ ರಂಗಸಜ್ಜಿಕೆ! ನೋಡಿದವರು ಈಗಲೂ ಹೇಳುತ್ತಾರೆ. ನೀವು ನೋಡಿದ್ದೀರಾ?

ನಾನು ನೋಡಿಲ್ಲ. ನನ್ನ ಮಕ್ಕಳೂ ನೋಡುವುದಿಲ್ಲ. ಏಳರಲ್ಲಿ ಒಂದು ಕಂತೂ ಉಳಿದಿಲ್ಲ. ಇಲ್ಲಿ ಸಂದರ್ಶನವನ್ನು ಸ್ವಲ್ಪ ಬದಿಗಿಡುತ್ತೇನೆ, ಯಾಕೆಂದರೆ ಇದನ್ನು ಪೆಟ್ಟಿಗೆಯ ಬಾಯಲ್ಲಿ ನಗೆಚಾಟಿಕೆಯಾಗಿ ಹೇಳಿಸಲು ನನ್ನಿಂದ ಆಗುವುದಿಲ್ಲ. ಇದು ಬೆಂಕಿ ಬಿದ್ದು ಹೋದದ್ದಲ್ಲ, ಬಾಂಬು ಬಿದ್ದು ಹೋದದ್ದೂ ಅಲ್ಲ. ಕಚೇರಿಯಲ್ಲಿ ಕೂತು ಫಾರಂ ತುಂಬಿ, ರುಜು ಹಾಕಿ ಅಳಿಸಿದ್ದು. ವಿಡಿಯೊ ಟೇಪು ದುಬಾರಿ, ಮತ್ತೆ ಬಳಸಬಹುದು. ಕಲಾವಿದರ ಸಂಘದ ಒಪ್ಪಂದದಂತೆ ಮರುಪ್ರಸಾರಕ್ಕೆ ಮಿತಿ ಇತ್ತು. ಬಣ್ಣದ ಟಿವಿ ಬಂದಮೇಲೆ ಕಪ್ಪುಬಿಳುಪನ್ನು ಕೊಳ್ಳುವವರಿಲ್ಲ. ವಿದೇಶಕ್ಕೆ ಮಾರಲು ಮಾಡಿದ ಫಿಲಂ ಪ್ರತಿಗಳೂ ಅವಧಿ ಮುಗಿದ ಮೇಲೆ ಕಸ. ಒಂದೊಂದು ಕಾರಣವನ್ನೂ ಬಿಡಿಬಿಡಿಯಾಗಿ ಕೇಳಿದರೆ ಹೌದಲ್ಲ ಅನ್ನಿಸುತ್ತದೆ. ಎಲ್ಲ ಸೇರಿದಾಗ ವಾರಿಸ್ ಹುಸೇನನ ಚೀನಾ ಇಲ್ಲ. ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಲ್ಲ. (‘ಸತಿ ಸುಲೋಚನಾ’ದ ಒಂದು ಪ್ರಿಂಟನ್ನೂ ಉಳಿಸಿಕೊಳ್ಳದ ನಾಡಿನವನು ಬಿಬಿಸಿಗೆ ಬುದ್ಧಿ ಹೇಳಬಹುದೇ ಅಂತ ಕೇಳಬೇಡಿ. ಹೇಳಬಹುದು. ಹೊಟ್ಟೆ ಉರಿದವನಿಗೆ ಊರಿನ ಹಂಗಿಲ್ಲ.) 1978ರ ಹೊತ್ತಿಗೆ ಅಳಿಸುವುದು ನಿಂತಿತು. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರು. ಆಮೇಲೆ ಹಾಂಗ್‌ಕಾಂಗಿನಿಂದ ಒಂದು ಕಥೆ ಸಿಕ್ಕಿತು, 2013ರಲ್ಲಿ ನೈಜೀರಿಯಾದ ಜೋಸ್ ಪಟ್ಟಣದಿಂದ ಒಂಬತ್ತು ಕಂತು ಬಂತು. ಹುಡುಕಿದ್ದು ಫಿಲಿಪ್ ಮಾರಿಸ್ ಎಂಬ ಹಟಮಾರಿ.

ನನ್ನನ್ನು ಇದಕ್ಕಿಂತ ಕೆರಳಿಸುವುದು ಇನ್ನೊಂದು. ಅಳಿಸಿಹೋದ ಆ ಎಲ್ಲ ಕಂತುಗಳ ಧ್ವನಿ ಇವತ್ತಿಗೂ ಇದೆ. ಯಾಕೆ ಇದೆ? ಆವತ್ತು ಮನೆಯಲ್ಲಿ ಕೂತ ಹುಡುಗರು ಟಿವಿಯ ಸ್ಪೀಕರಿಗೆ ಮೈಕು ಹಿಡಿದರು. ಕೈಚಳಕ ಇದ್ದವನು ಟಿವಿಯ ಒಳಕ್ಕೇ ತಂತಿ ಎಳೆದು ರೆಕಾರ್ಡರಿಗೆ ಕೊಟ್ಟ. ಕಾನೂನಿನ ಕಣ್ಣಲ್ಲಿ ಅದು ಕಳ್ಳತನ. ಅದೇ ಕಳ್ಳಮಾಲನ್ನು ಪಡೆದು, ತೊಳೆದು, ಬಿಬಿಸಿ ಮೊದಲು ಕ್ಯಾಸೆಟ್ ಮಾಡಿ ಮಾರಿತು, ಆಮೇಲೆ ಸಿಡಿ, ಈಗ ಅದಕ್ಕೆ ಕಾರ್ಟೂನು ಜೋಡಿಸಿ ಡಿಸ್ಕ್ ಮಾಡಿ ಮಾರುತ್ತಿದೆ. ಅಭಿಮಾನಿಯ ಮಗ ಅಪ್ಪ ಉಳಿಸಿದ ಸದ್ದನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆ. ಪೆಟ್ಟಿಗೆಯ ಚಿತ್ರದ ಮೇಲೆ ಇನ್ನೊಬ್ಬರು ಕೈಯಿಡದಂತೆ ಆರು ವರ್ಷ ಹೋರಾಡಿದ ಸಂಸ್ಥೆಗೆ, ಆ ಪೆಟ್ಟಿಗೆ ಹೋಗಿಬಂದ ಊರುಗಳ ಮೇಲೆ ಆರು ಪೈಸೆಯ ಮಮತೆ ಇರಲಿಲ್ಲ. ಚಿತ್ರ ಜೋಪಾನ, ಕಥೆ ಕಸ.

ಸರಿ, ಮುಂದುವರಿಸೋಣ. ಹೋದ ಕಥೆಯನ್ನು ನಾನು ಓದಿದ್ದು ಎಲ್ಲಿ ಗೊತ್ತೇ? ‘ಮಾರ್ಕೊ ಪೋಲೊ’ ಬರೆದ ಜಾನ್ ಲುಕರೊಟ್ಟಿಯೇ ಅದನ್ನು ಟಾರ್ಗೆಟ್‌ಗೆ ಕಾದಂಬರಿ ಮಾಡಿಕೊಟ್ಟ…

ಮತ್ತೆ ಶುರುವಾಯಿತು.

ಆಗಲೇಬೇಕು! 1989ರಲ್ಲಿ ನಿಮ್ಮನ್ನು ಟಿವಿಯಿಂದ ಇಳಿಸಿದರು. 1996ರ ಆ ಒಂದು ಚಿತ್ರ ಬಿಟ್ಟರೆ, 2005ರಲ್ಲಿ ಟಿವಿಗೆ ಮರಳುವವರೆಗೆ ನಿಮಗೆ ಅನ್ನ ಹಾಕಿದವರಾರು? 1991ರಿಂದ ವರ್ಜಿನ್ ಪ್ರಕಾಶನದ ಕಾದಂಬರಿಗಳು. 1999ರಿಂದ ಬಿಗ್ ಫಿನಿಶ್ ಆಡಿಯೊ ನಾಟಕಗಳು. ಪೆಟ್ಟಿಗೆಯ ಚಿತ್ರ ಅಂಟಿಸಿದ ಟವೆಲನ್ನೂ ಇವನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ‘ಟೈ-ಇನ್’ ಅಂತಾರಲ್ಲ, ಅವರಿಗೆ ಏನನ್ನೋಣ?

ಅನ್ನುವುದೆಲ್ಲ ನೀವೇ ಅಂದಿರಿ.

ರಸೆಲ್ ಟಿ. ಡೇವಿಸ್ 1996ರಲ್ಲಿ ವರ್ಜಿನ್‌ಗೆ ‘ಡ್ಯಾಮೇಜ್ಡ್ ಗೂಡ್ಸ್’ ಬರೆದವನು. ಮಾರ್ಕ್ ಗೇಟಿಸ್ ಅಲ್ಲಿಂದಲೇ ಬಂದವನು. ಸ್ಟೀವನ್ ಮೊಫಾಟ್ ಅದೇ ವರ್ಜಿನ್ನಿನ ಕಥಾಸಂಕಲನಕ್ಕೆ ಸಣ್ಣಕಥೆ ಕೊಟ್ಟವನು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ ‘ಹ್ಯೂಮನ್ ನೇಚರ್’ ಕಾದಂಬರಿಯನ್ನು 2007ರಲ್ಲಿ ಟಿವಿಯೇ ಎತ್ತಿಕೊಂಡಿತು. ಡೇವಿಡ್ ಟೆನೆಂಟ್ ಡಾಕ್ಟರ್ ಆಗುವ ಮೊದಲು ಬಿಗ್ ಫಿನಿಶ್‌ನಲ್ಲಿ ಚಿಲ್ಲರೆ ಪಾತ್ರ ಮಾಡಿಕೊಂಡಿದ್ದ. ಅಂದರೆ ಟಿವಿಯ ಮನೆಯನ್ನು ಮತ್ತೆ ಎಬ್ಬಿಸಿದ್ದು ಪುಸ್ತಕದ ಜಗಲಿಯಲ್ಲಿ ಬೆಳೆದ ಹುಡುಗರು. ಹೌದೋ ಅಲ್ಲವೋ?

ಹೌದು ಮಾರಾಯರೇ. ಆ ಹದಿನಾರು ವರ್ಷ ನನ್ನನ್ನು ಟಿವಿಯವರು ಗೋದಾಮಿಗೆ ತಳ್ಳಿದ್ದರು. ಬರೆಯುವವರು ಮಾತ್ರ ಎಲ್ಲೆಲ್ಲಿಗೋ ಕರೆದುಕೊಂಡು ಹೋದರು. ಬರ್ನಿಸ್ ಸಮ್ಮರ್‌ಫೀಲ್ಡ್ ಎಂಬ ಪ್ರಾಕ್ತನ ತಜ್ಞೆ ಹತ್ತಿದ್ದು ಆಗಲೇ, ಟಿವಿಯಲ್ಲಿ ಅವಳ ಮುಖ ಯಾರೂ ಕಂಡಿಲ್ಲ. ಕುಡಿಯುತ್ತಿದ್ದಳು, ಜಗಳ ಆಡುತ್ತಿದ್ದಳು, ಡೈರಿಯಲ್ಲಿ ಬರೆದದ್ದರ ಮೇಲೆ ಚೀಟಿ ಅಂಟಿಸಿ ತಿದ್ದಿಕೊಳ್ಳುತ್ತಿದ್ದಳು. ನನಗೆ ಇಷ್ಟವಾಗಿದ್ದಳು. ಎಲ್ಲ ಪುಸ್ತಕವೂ ಚೆನ್ನಾಗಿದ್ದವು ಅಂತಲ್ಲ. ಕೆಲವನ್ನು ಓದಿದರೆ ನನ್ನ ನೀಲಿ ಬಣ್ಣವೇ ಕಪ್ಪಾಗುವಷ್ಟು ಕತ್ತಲು.

ಒಪ್ಪಿದೆ, ಕೆಲವನ್ನು ನಾನೂ ಅರ್ಧಕ್ಕೇ ಮುಚ್ಚಿಟ್ಟೆ. ಈಗ ಡಿಸ್ನಿ ಹೋಯಿತು, ಮತ್ತೆ 1989ರ ಪರಿಸ್ಥಿತಿಯೇ?

ಆಗ ನನ್ನನ್ನು ಬಿಟ್ಟುಬಿಟ್ಟಿದ್ದರು, ಹಾಗಾಗಿ ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಈಗ ಬಿಡುವುದೂ ಇಲ್ಲ, ಓಡಿಸುವುದೂ ಇಲ್ಲ. ಟಿವಿಯಲ್ಲಿ ಇಲ್ಲದಿದ್ದರೂ ಕಾಲುಚೀಲದ ಮೇಲೆ ಇರಬೇಕು. ಆ ಕಾಲುಚೀಲದ ಮೇಲಿನ ನನ್ನ ಕಿಟಕಿಯ ಅಳತೆ ಕೂಡ ತಪ್ಪಾಗಿದೆ, ಗಮನಿಸಿದಿರಾ?

ಗಮನಿಸಿದೆ. ಕೊನೆಯದಾಗಿ ಒಂದು. ನಿಮ್ಮ ಒಳಗೆ ಈಗ ಇರುವುದು ಯಾರು? ಕೊನೆಯ ಕಂತಿನ ಹೆಸರುಪಟ್ಟಿಯಲ್ಲಿ ಬಿಲಿ ಪೈಪರ್ ಅಂತ ಇದೆ, ಪಾತ್ರದ ಹೆಸರು ಹಾಕಿಲ್ಲ.

ಯಾರೋ ಒಬ್ಬರು ಒಳಗೆ ಕೂತು ಗುಂಡಿ ಒತ್ತುತ್ತಿದ್ದಾರೆ. ನನಗೂ ಪರಿಚಯ ಮಾಡಿಕೊಟ್ಟಿಲ್ಲ.

ಕಥೆ ಬರೆದವರಿಗೇ ಗೊತ್ತಿಲ್ಲವೇನೋ.

ಅವಸರ ಇದ್ದರೆ ನೀವೇ ಒಂದು ಕಾದಂಬರಿ ಬರೆದುಬಿಡಿ. ಹತ್ತು ವರ್ಷ ಬಿಟ್ಟು ಅವರು ಅದನ್ನೇ ಟಿವಿಯಲ್ಲಿ ತೋರಿಸುತ್ತಾರೆ. ಹೆಸರು ಹಾಕುತ್ತಾರೋ ಇಲ್ಲವೋ, ಅದನ್ನು ಮಾತ್ರ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ.